ಅರ್ಜಿ ಹಾಕುವಾಗ ಒಂದು ಫೀಸ್, ಸೀಟು ಸಿಕ್ಕ ಮೇಲೆ ಇನ್ನೊಂದು

ಪ್ರಶ್ನೆ: ನಮಸ್ಕಾರ ಸರ್. ನಾವು ಕೆಂಗೇರಿ ಉಪನಗರದವರು. ಮಗಳಿಗೆ ಬೆಂಗಳೂರಿನ ಒಂದು ಸರ್ಕಾರಿ ವಿಶ್ವವಿದ್ಯಾಲಯದಲ್ಲಿ ಎಂ.ಎಸ್ಸಿ. ಸೀಟು ಸಿಕ್ಕಿದೆ. ಅರ್ಜಿ ಹಾಕುವಾಗ ಪ್ರಾಸ್ಪೆಕ್ಟಸ್‌ನಲ್ಲಿ ವರ್ಷಕ್ಕೆ 18,600 ರೂಪಾಯಿ ಎಂದಿತ್ತು. ಅದನ್ನು ನಂಬಿ ಖಾಸಗಿ ಕಾಲೇಜಿನ ಸೀಟು ಬಿಟ್ಟೆವು. ಬ್ಯಾಂಕಿನಲ್ಲಿ ಸಾಲವನ್ನೂ ಮಂಜೂರು ಮಾಡಿಸಿಕೊಂಡೆವು. ಸೀಟು ಹಂಚಿಕೆ ಪಟ್ಟಿ ಬಂದ ದಿನವೇ ಹೊಸ ಸುತ್ತೋಲೆ ಬಂತು, 24,350 ಕಟ್ಟಿ ಎಂದರು. ಕೇಳಿದರೆ, "ಬಜೆಟ್ ಆದಮೇಲೆ ಸಿಂಡಿಕೇಟ್‌ನಲ್ಲಿ ತೀರ್ಮಾನ ಆಗಿದೆ, ನಾವೇನು ಮಾಡೋಕಾಗುತ್ತೆ" ಎಂದರು. ಸಿಂಡಿಕೇಟ್ ಅಂದರೆ ವಿಶ್ವವಿದ್ಯಾಲಯದ ಆಡಳಿತ ಮಂಡಳಿಯಂತೆ. ಫೀಸ್ ಯಾವಾಗ ನಿಗದಿ ಮಾಡಬೇಕು ಅನ್ನೋದಕ್ಕೆ ನಿಯಮ ಇಲ್ವಾ? ಎರಡನೇ ವರ್ಷ ಮತ್ತೆ ಏರಿಸಿದರೆ ಏನು ಮಾಡೋದು? ಮಗ ಈಗ ಎರಡನೇ ಪಿಯು. ಮುಂದಿನ ವರ್ಷ ಅವನದ್ದೂ ಇದೇ ಕಥೆ ಆಗಬಾರದು.

ಉತ್ತರ: ನಿಯಮ ಇದೆ. ಯುಜಿಸಿ, ಅಂದರೆ ವಿಶ್ವವಿದ್ಯಾಲಯ ಅನುದಾನ ಆಯೋಗ, 2023ರಲ್ಲಿ ತಂದ ವಿದ್ಯಾರ್ಥಿಗಳ ಕುಂದುಕೊರತೆ ನಿವಾರಣೆಯ ನಿಯಮಾವಳಿಯನ್ನು ತೆಗೆದು ನೋಡಿ. ಪ್ರವೇಶ ಶುರುವಾಗುವುದಕ್ಕೆ ಕನಿಷ್ಠ 60 ದಿನ ಮುಂಚೆ ಪ್ರಾಸ್ಪೆಕ್ಟಸ್ ಪ್ರಕಟ ಆಗಬೇಕು ಎಂದು ಅದರಲ್ಲಿದೆ. ಫೀಸಿನ ಒಂದೊಂದು ಬಾಬ್ತು, ಠೇವಣಿ, ಬೇರೆ ಏನೇ ವಸೂಲಿ ಇದ್ದರೂ ಅದು, ವಾಪಸ್ ಕೊಡುವ ನಿಯಮ, ಎಲ್ಲವೂ ಅದರಲ್ಲಿರಬೇಕು. 2019ರ ನಿಯಮಾವಳಿಯಲ್ಲೂ ಇದೇ ಮಾತಿತ್ತು. ಪ್ರಕಟಿಸಿದ್ದಕ್ಕಿಂತ ಜಾಸ್ತಿ ಹಣ ಕೇಳಿದರೆ ಅದನ್ನು ಕುಂದುಕೊರತೆ ಎಂದೇ ಪರಿಗಣಿಸಬೇಕು ಎಂದೂ ಸ್ಪಷ್ಟವಾಗಿ ಬರೆದಿದ್ದಾರೆ. ರಾಜ್ಯ ವಿಶ್ವವಿದ್ಯಾಲಯಗಳಿಗೂ ಇದು ಅನ್ವಯ ಆಗುತ್ತದೆ.

ನಿಯಮ ಇದ್ದೂ ಹೀಗೇಕೆ ಆಗುತ್ತದೆ? ಸರ್ಕಾರಿ ವಿಶ್ವವಿದ್ಯಾಲಯದ ಹಣಕಾಸು ವಿಭಾಗದಲ್ಲಿ ಬಹಳ ವರ್ಷ ಕೂತವನು ನಾನು. ಹಾಗಾಗಿ ಆ ಕಡೆಯ ಕಥೆಯನ್ನೂ ಹೇಳುತ್ತೇನೆ. ನನ್ನ ಅಭಿಪ್ರಾಯ ಮಾತ್ರ ಮೊದಲೇ ಹೇಳಿಬಿಡುತ್ತೇನೆ. ಅರ್ಜಿ ಕರೆಯುವ ಮುಂಚೆ, ಇಡೀ ಕೋರ್ಸಿನ ಫೀಸ್ ರೂಪಾಯಿ ಲೆಕ್ಕದಲ್ಲಿ ತೀರ್ಮಾನ ಆಗಿರಬೇಕು. ಬಜೆಟ್‌ಗೆ ಕಾಯಬಾರದು.

ನೀವು ಕಳಿಸಿದ ಎರಡೂ ಪಟ್ಟಿಗಳನ್ನು ಪಕ್ಕಪಕ್ಕ ಇಟ್ಟು ನೋಡಿದೆ. ಬೋಧನಾ ಶುಲ್ಕ ಎರಡರಲ್ಲೂ ಒಂದೇ. ಒಂದು ರೂಪಾಯಿಯೂ ಏರಿಲ್ಲ! ಏರಿರುವುದು ಕೆಳಗಿನ ಸಾಲುಗಳಲ್ಲಿ. ಅಭಿವೃದ್ಧಿ ನಿಧಿ 1,500 ಇದ್ದದ್ದು 4,500 ಆಗಿದೆ. ಪ್ರಯೋಗಾಲಯ ಶುಲ್ಕ 3,000 ಇದ್ದದ್ದು 4,750. ಹೊಸದಾಗಿ 'ಡಿಜಿಟಲ್ ಸೇವಾ ಶುಲ್ಕ' ಎಂದು 1,000 ಸೇರಿಸಿದ್ದಾರೆ. ಮೂರೂ ಕೂಡಿದರೆ ಸರಿಯಾಗಿ 5,750, ನಿಮ್ಮ ವ್ಯತ್ಯಾಸ.

ಇದು ಕಾಕತಾಳೀಯ ಅಲ್ಲ. ಬೋಧನಾ ಶುಲ್ಕ ಮುಟ್ಟಿದರೆ ಸರ್ಕಾರ ಕಣ್ಣು ಬಿಡುತ್ತದೆ, ಪತ್ರಿಕೆಯಲ್ಲಿ ಬರುತ್ತದೆ. ಶುಲ್ಕ ವಿನಾಯಿತಿ ಸಾಮಾನ್ಯವಾಗಿ ಬೋಧನಾ ಶುಲ್ಕಕ್ಕೆ ಮತ್ತು ಗೊತ್ತಾದ ಕೆಲವು ಬಾಬ್ತುಗಳಿಗೆ ಸಿಗುತ್ತದೆ. 'ಅಭಿವೃದ್ಧಿ', 'ಡಿಜಿಟಲ್' ಎಂಬ ಹೆಸರಿನಲ್ಲಿ ಬಂದದ್ದನ್ನು ಕೊನೆಗೆ ಬಡ ಮಕ್ಕಳೂ ಜೇಬಿನಿಂದಲೇ ಕಟ್ಟಬೇಕಾಗುತ್ತದೆ. ಹಾಗಾಗಿ 'ನಾವು ಬೋಧನಾ ಶುಲ್ಕ ಏರಿಸಿಲ್ಲ' ಎಂದು ಯಾರಾದರೂ ಹೇಳಿದರೆ ಪಟ್ಟಿಯ ಕೊನೆಯ ಸಾಲಿನವರೆಗೂ ಓದಿ.

ಈಗ ಬಜೆಟ್ ವಿಷಯ. ಹಣಕಾಸು ವಿಭಾಗದಲ್ಲಿ ಪ್ರತಿ ವರ್ಷ ಕೇಳಿಬರುವ ಮಾತು ಇದು: ರಾಜ್ಯ ಬಜೆಟ್‌ನಲ್ಲಿ ನಮಗೆ ಎಷ್ಟು ಅನುದಾನ ಬರುತ್ತದೆ ಅಂತ ಗೊತ್ತಾಗಲಿ, ಆಮೇಲೆ ಫೀಸ್ ನೋಡೋಣ. ಕೇಳೋಕೆ ಸರಿ ಅನಿಸುತ್ತದೆ. ಆದಾಯ ಗೊತ್ತಿಲ್ಲದೆ ದರ ಹೇಗೆ ಹೇಳೋದು, ಅಲ್ವಾ? ಆದರೆ ಒಳಗೆ ಕೂತು ನೋಡಿದವರಿಗೆ ಇದರ ಬಲ ಎಷ್ಟು ಎಂದು ಗೊತ್ತು.

ಮೊದಲನೆಯದಾಗಿ, ರಾಜ್ಯದ ಅನುದಾನದಲ್ಲಿ ದೊಡ್ಡ ಪಾಲು ಸಂಬಳಕ್ಕೆ ಹೋಗುತ್ತದೆ. ಮಂಜೂರಾದ ಹುದ್ದೆ ಎಷ್ಟು, ಭರ್ತಿ ಆಗಿದ್ದು ಎಷ್ಟು, ಈ ವರ್ಷ ಯಾರು ನಿವೃತ್ತಿ ಆಗುತ್ತಾರೆ, ಎಲ್ಲವೂ ಡಿಸೆಂಬರ್ ಹೊತ್ತಿಗೇ ಕಡತದಲ್ಲಿರುತ್ತದೆ. ಅದಕ್ಕೆ ಬಜೆಟ್ ಭಾಷಣ ಕೇಳಬೇಕಿಲ್ಲ. ಇನ್ನು ಬಜೆಟ್‌ನಲ್ಲಿ ಘೋಷಣೆ ಆದ ಹಣವೂ ಒಂದೇ ಸಲ ಕೈಗೆ ಬರುವುದಿಲ್ಲ. ಕಂತಿನಲ್ಲಿ ಬರುತ್ತದೆ, ಕೆಲವೊಮ್ಮೆ ಕಂತೇ ತಡವಾಗುತ್ತದೆ. ಮಾರ್ಚ್‌ನಲ್ಲಿ ಕಾದರೂ ಜುಲೈನಲ್ಲಿ ಕಾದರೂ ಅನಿಶ್ಚಿತತೆ ಇದ್ದೇ ಇರುತ್ತದೆ. ಕಾದದ್ದಕ್ಕೆ ಖಚಿತ ಅಂಕಿ ಸಿಗುತ್ತದೆ ಅನ್ನೋದು ಭ್ರಮೆ.

ಚುನಾವಣೆ ವರ್ಷದಲ್ಲಂತೂ ಕೇಳಲೇ ಬೇಡಿ. 2018ರಲ್ಲಿ ಫೆಬ್ರವರಿ 16ಕ್ಕೆ ಒಂದು ಬಜೆಟ್ ಬಂತು, ಸರ್ಕಾರ ಬದಲಾಗಿ ಜುಲೈ 5ಕ್ಕೆ ಇನ್ನೊಂದು ಬಂತು. 2023ರಲ್ಲೂ ಹಾಗೇ: ಫೆಬ್ರವರಿ 17ಕ್ಕೆ ಒಂದು, ಜುಲೈ 7ಕ್ಕೆ ಮತ್ತೊಂದು. ಬಜೆಟ್ ಆಗುವ ತನಕ ಫೀಸ್ ನಿಗದಿ ಮಾಡಲ್ಲ ಎಂದು ಕೂತಿದ್ದರೆ ಆ ಎರಡೂ ವರ್ಷ ಜುಲೈವರೆಗೆ ಕೂರಬೇಕಿತ್ತು. ಅಷ್ಟು ಹೊತ್ತಿಗೆ ಪದವಿ ತರಗತಿಗೆ ಮಕ್ಕಳು ಸೇರಲು ಶುರು ಮಾಡಿರುತ್ತಾರೆ.

ಇನ್ನು ಮೊತ್ತದ ಮಾತು. ಒಂದು ಲೆಕ್ಕ ಹಾಕೋಣ. ಕ್ಯಾಂಪಸ್‌ನಲ್ಲಿ ಈ ವರ್ಷ ಹೊಸದಾಗಿ 2,000 ಸ್ನಾತಕೋತ್ತರ ವಿದ್ಯಾರ್ಥಿಗಳು ಸೇರಿದರು ಎಂದುಕೊಳ್ಳಿ. ತಲಾ 5,750 ಜಾಸ್ತಿ ವಸೂಲಿ ಮಾಡಿದರೆ ಸಿಗುವುದು 1 ಕೋಟಿ 15 ಲಕ್ಷ. ಯುಜಿಸಿ ವೇತನ ಶ್ರೇಣಿಯಲ್ಲಿ ಒಬ್ಬ ಪ್ರೊಫೆಸರ್ ಮೂಲ ವೇತನ ತಿಂಗಳಿಗೆ 1,44,200ರಿಂದ ಶುರು, ವರ್ಷಕ್ಕೆ 17 ಲಕ್ಷದ ಮೇಲೆ. ತುಟ್ಟಿಭತ್ಯೆ, ಮನೆ ಬಾಡಿಗೆ ಭತ್ಯೆ ಬೇರೆ. ಅಂದರೆ ಎರಡು ಸಾವಿರ ಮನೆಗಳಲ್ಲಿ ತಲೆಬಿಸಿ ಮಾಡಿ ತಂದ ಹಣ ಆರೇಳು ಪ್ರೊಫೆಸರ್‌ಗಳ ಮೂಲ ವೇತನಕ್ಕೆ ಸರಿಹೋಯಿತು. ವಿಶ್ವವಿದ್ಯಾಲಯದ ಒಟ್ಟು ಖರ್ಚಿನಲ್ಲಿ ಇದು ಚಿಕ್ಕದು. ನಿಮ್ಮ ಮನೆಯ ಖರ್ಚಿನಲ್ಲಿ ಚಿಕ್ಕದಲ್ಲ. ಇಬ್ಬರಲ್ಲಿ ಯಾರಾದರೂ ಒಬ್ಬರು ಅನಿಶ್ಚಿತತೆಯನ್ನು ಹೊರಬೇಕು ಅಂದರೆ ಅದನ್ನು ಹೊರುವ ಶಕ್ತಿ ಯಾರಿಗೆ ಜಾಸ್ತಿ ಇದೆ ಎಂದು ನೀವೇ ಹೇಳಿ.

ವಿಶ್ವವಿದ್ಯಾಲಯಗಳಿಗೆ ಕಷ್ಟ ಇಲ್ಲ ಎಂದು ನಾನು ಹೇಳುತ್ತಿಲ್ಲ. ಕಷ್ಟ ನಿಜವಾಗಿಯೂ ಇದೆ. 1964ರಲ್ಲಿ ಹುಟ್ಟಿದ ಬೆಂಗಳೂರು ವಿಶ್ವವಿದ್ಯಾಲಯವನ್ನು ಕಳೆದ ದಶಕದಲ್ಲಿ ಮೂರು ಭಾಗ ಮಾಡಿದರು. ಸೆಂಟ್ರಲ್ ಕಾಲೇಜಿನ ಆವರಣದಲ್ಲಿ ಒಂದು, ಕೋಲಾರದ ಕಡೆ ಒಂದು, ಜ್ಞಾನಭಾರತಿಯಲ್ಲಿ ಉಳಿದದ್ದು ಒಂದು. ಹೀಗೆ ಭಾಗ ಆದಾಗ ಕಾಲೇಜುಗಳು ಹೊಸ ವಿಶ್ವವಿದ್ಯಾಲಯಗಳಿಗೆ ಹೋಗುತ್ತವೆ. ಸಂಯೋಜನಾ ಶುಲ್ಕ (ವಿಶ್ವವಿದ್ಯಾಲಯದ ಅಡಿಯಲ್ಲಿರಲು ಕಾಲೇಜುಗಳು ಕಟ್ಟುವ ಹಣ), ಪರೀಕ್ಷಾ ಶುಲ್ಕದ ಆದಾಯವೂ ಅವುಗಳ ಜೊತೆಗೇ ಹೋಗುತ್ತದೆ. ರಾಜ್ಯದ ಹಳೆಯ ವಿಶ್ವವಿದ್ಯಾಲಯಗಳಿಗೆ ಪಿಂಚಣಿಯ ಹೊರೆ ಬೇರೆ. ಖಾಲಿ ಹುದ್ದೆಗಳ ಪಾಠವನ್ನೆಲ್ಲ ಅತಿಥಿ ಉಪನ್ಯಾಸಕರ ಕೈಯಲ್ಲಿ ನಡೆಸಬೇಕು, ಅವರ ಸಂಭಾವನೆಗೂ ಆಂತರಿಕ ಸಂಪನ್ಮೂಲಕ್ಕೆ ಕೈ ಹಾಕಬೇಕು. ಫೀಸ್ ಏರಿಸಲೇಬಾರದು ಎನ್ನುವವರ ಗುಂಪಿನಲ್ಲಿ ನಾನಿಲ್ಲ. ಸಾಮಾನಿನ ಬೆಲೆ ಏರುತ್ತದೆ, ಪ್ರಯೋಗಾಲಯದ ರಾಸಾಯನಿಕದ ಬೆಲೆ ಏರುತ್ತದೆ, ಫೀಸೂ ಅಷ್ಟಿಷ್ಟು ಏರಬೇಕು. ಯಾವಾಗ ಏರಿಸಬೇಕು, ಯಾರಿಗೆ ಏರಿಸಬೇಕು ಅನ್ನೋದೇ ಪ್ರಶ್ನೆ.

ವರ್ಷಗಟ್ಟಲೆ ಏರಿಸದೆ ಕೂತು ಒಂದು ದಿನ ಧಡಾರನೆ ಏರಿಸುವುದು ಇನ್ನೂ ಕೆಟ್ಟದು. ಅಲಹಾಬಾದ್ ವಿಶ್ವವಿದ್ಯಾಲಯದಲ್ಲಿ 2022ರಲ್ಲಿ ಏನಾಯಿತು ನೋಡಿ. ಬಿ.ಎ.ಗೆ ವರ್ಷಕ್ಕೆ 975 ರೂಪಾಯಿ ಇದ್ದದ್ದು ಒಂದೇ ಏಟಿಗೆ 4,151 ಆಯಿತು. ಬೋಧನಾ ಶುಲ್ಕವನ್ನು 1922ರಿಂದ ಮುಟ್ಟಿರಲಿಲ್ಲ ಎಂದು ವಿಶ್ವವಿದ್ಯಾಲಯವೇ ಸಮರ್ಥನೆ ಕೊಟ್ಟಿತು. ನೂರು ವರ್ಷ ಮುಟ್ಟಲಿಲ್ಲ ಅನ್ನೋದು ಹೆಮ್ಮೆಯ ವಿಷಯವೋ ಸೋಮಾರಿತನವೋ ನನಗಂತೂ ತಿಳಿಯದು! ವಿದ್ಯಾರ್ಥಿಗಳು ವಾರಗಟ್ಟಲೆ ಧರಣಿ ಕೂತರು. 4,151 ಇವತ್ತಿನ ಕಾಲಕ್ಕೆ ದೊಡ್ಡ ಮೊತ್ತ ಅಲ್ಲ. ಏಕಾಏಕಿ ನಾಲ್ಕು ಪಟ್ಟು ಆಗಿದ್ದೇ ಕಿಡಿ ಹೊತ್ತಿಸಿದ್ದು. ಆದರೂ ಒಂದು ಸರಿಯಾದ ಕೆಲಸ ಮಾಡಿದ್ದರು. ಹೊಸ ಫೀಸ್ ಹೊಸದಾಗಿ ಸೇರುವವರಿಗೆ ಮಾತ್ರ ಎಂದಿದ್ದರು.

ಐಐಟಿಗಳೂ 2016ರಲ್ಲಿ ಹಾಗೇ ಮಾಡಿದವು. 90,000 ಇದ್ದ ವಾರ್ಷಿಕ ಬೋಧನಾ ಶುಲ್ಕ 2 ಲಕ್ಷ ಆಯಿತು, ಆದರೆ ಆ ವರ್ಷ ಸೇರುವ ಬ್ಯಾಚ್‌ನಿಂದ ಮಾತ್ರ. ಒಳಗಿದ್ದವರಿಗೆ ಹಳೆಯದೇ ಉಳಿಯಿತು. ಪರಿಶಿಷ್ಟ ಜಾತಿ, ಪಂಗಡದವರಿಗೆ, ಅಂಗವಿಕಲರಿಗೆ, ತೀರಾ ಬಡ ಕುಟುಂಬದವರಿಗೆ ಪೂರ್ತಿ ಮಾಫಿ ಕೊಟ್ಟರು. ಅಷ್ಟರ ಮಟ್ಟಿಗೆ ಒಳ್ಳೆಯದು. ಎಡವಿದ್ದು ತಾರೀಖಿನಲ್ಲಿ. ತೀರ್ಮಾನ ಹೊರಬಿದ್ದದ್ದು ಏಪ್ರಿಲ್‌ನಲ್ಲಿ, ಬಹುಪಾಲು ಮಕ್ಕಳು ಜೆಇಇ ಮೇನ್ಸ್ ಬರೆದಾದ ಮೇಲೆ. ಫೀಸ್ ದುಪ್ಪಟ್ಟಿಗಿಂತ ಜಾಸ್ತಿ ಆಗುತ್ತದೆ ಎಂದು ಅರ್ಜಿ ತುಂಬುವಾಗ ಯಾರಿಗೂ ಗೊತ್ತಿರಲಿಲ್ಲ.

ವರ್ಷದ ಮಧ್ಯೆ, ಒಳಗಿರುವ ಮಕ್ಕಳ ಮೇಲೆಯೇ ಹೇರಿದರೆ ಏನಾಗುತ್ತದೆ ಎಂಬುದಕ್ಕೆ ದೆಹಲಿಯ ಜೆಎನ್‌ಯು ಉದಾಹರಣೆ ಇದೆ. 2019ರ ಅಕ್ಟೋಬರ್ ಕೊನೆಗೆ ಹಾಸ್ಟೆಲ್ ನಿಯಮ ಬದಲಾಯಿಸಿದರು. ಒಬ್ಬರ ಕೋಣೆಗೆ ತಿಂಗಳಿಗೆ 20 ರೂಪಾಯಿ ಇದ್ದ ಬಾಡಿಗೆ 600 ಎಂದರು, ಇಬ್ಬರ ಕೋಣೆಗೆ 10 ಇದ್ದದ್ದು 300 ಎಂದರು. ವಿದ್ಯಾರ್ಥಿಗಳು ಪ್ರತಿಭಟನೆಗೆ ಇಳಿದರು, ಸೆಮಿಸ್ಟರ್ ಹಳ್ಳ ಹಿಡಿಯಿತು. 2020ರ ಜನವರಿಯಲ್ಲಿ ದೆಹಲಿ ಹೈಕೋರ್ಟ್, ಇನ್ನೂ ನೋಂದಣಿ ಆಗದೆ ಉಳಿದ ವಿದ್ಯಾರ್ಥಿಗಳು ಹಳೆಯ ದರದಲ್ಲೇ ನೋಂದಣಿ ಮಾಡಿಕೊಳ್ಳಲಿ, ದಂಡಶುಲ್ಕ ಬೇಡ ಎಂದಿತು.

ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ನಡೆದದ್ದು ನಿಮ್ಮ ಕಥೆಗೆ ಇನ್ನೂ ಹತ್ತಿರ. ಅಲ್ಲಿನ ಸರ್ಕಾರಿ ವಿಶ್ವವಿದ್ಯಾಲಯ 2003ರಲ್ಲಿ ವಿದ್ಯಾರ್ಥಿಗಳಿಗೆ ಬಿಲ್ ಕಳಿಸಿತು. ಆಮೇಲೆ ರಾಜ್ಯದ ಬಜೆಟ್ ಕಡಿತ ಆಯಿತು ಎಂದು ಅದೇ ಅವಧಿಯ ಫೀಸ್ ಏರಿಸಿತು. ವೃತ್ತಿಪರ ಕೋರ್ಸಿನವರಿಗೆ 'ನೀವು ಓದಿ ಮುಗಿಸುವ ತನಕ ಒಂದು ಶುಲ್ಕ ಏರುವುದಿಲ್ಲ' ಎಂದು ಬರೆದುಕೊಟ್ಟಿದ್ದನ್ನೂ ಮುರಿಯಿತು. ವಿದ್ಯಾರ್ಥಿಗಳು ಕೋರ್ಟಿಗೆ ಹೋದರು. ಬಿಲ್ ಕಳಿಸಿದ ಮೇಲೆ ಅದು ಒಪ್ಪಂದ, ಬಜೆಟ್ ಕಡಿತ ಅದಕ್ಕೆ ನೆಪ ಆಗುವುದಿಲ್ಲ ಎಂದು 2007ರಲ್ಲಿ ಮೇಲ್ಮನವಿ ನ್ಯಾಯಾಲಯವೂ ಹೇಳಿತು. ಸುಮಾರು 3 ಕೋಟಿ 38 ಲಕ್ಷ ಡಾಲರ್ ತೆರಬೇಕಾಯಿತು. ಆ ತೀರ್ಪು ನಮ್ಮ ಕೋರ್ಟುಗಳನ್ನು ಕಟ್ಟಿಹಾಕುವುದಿಲ್ಲ, ಅದು ಬೇರೆ ಮಾತು. ಆದರೆ 'ಬಜೆಟ್ ಹಾಗಾಯ್ತು' ಎಂಬ ಮಾತಿಗೆ ಎಷ್ಟು ಬೆಲೆ ಕೊಡಬೇಕು ಎಂಬುದಕ್ಕೆ ಅದು ಒಳ್ಳೆಯ ಪಾಠ.

ಅದೇ ವಿಶ್ವವಿದ್ಯಾಲಯ 2021ರಲ್ಲಿ ಬೇರೆ ದಾರಿ ಹಿಡಿಯಿತು. 2022ರಿಂದ ಒಂದೊಂದು ಬ್ಯಾಚ್‌ಗೆ ಸೇರುವಾಗ ಒಂದು ಫೀಸ್, ಆರು ವರ್ಷದವರೆಗೆ ಅದೇ. ಮುಂದಿನ ಬ್ಯಾಚ್‌ಗೆ ಏರಿಸಬಹುದು, ಆದರೆ ಶೇ 5ರ ಮಿತಿ ಇದೆ. ಇಲಿನಾಯ್ ರಾಜ್ಯ ಇದಕ್ಕೂ ಮುಂಚೆ, 2004ರ ಬ್ಯಾಚ್‌ನಿಂದಲೇ, ನಾಲ್ಕು ವರ್ಷ ಬೋಧನಾ ಶುಲ್ಕ ಬದಲಾಗಬಾರದು ಎಂದು ಕಾನೂನು ಮಾಡಿತ್ತು. ಇದರಲ್ಲೂ ಒಂದು ಕೊಂಕಿದೆ. ನಾಲ್ಕು ವರ್ಷ ಏರಿಸುವಂತಿಲ್ಲ ಎಂದರೆ, ಮುಂದಿನ ಬೆಲೆ ಏರಿಕೆಯನ್ನೆಲ್ಲ ಊಹಿಸಿ ಮೊದಲ ವರ್ಷವೇ ಜಾಸ್ತಿ ಇಡುವ ಆಸೆ ಆಡಳಿತಕ್ಕೆ ಬರುತ್ತದೆ. ನಮ್ಮಲ್ಲಿ ಮೊದಲ ವರ್ಷ ಕಟ್ಟುವುದೇ ಎಲ್ಲರಿಗೂ ಕಷ್ಟ. ಸೀಟಿನ ಜೊತೆ ಹಾಸ್ಟೆಲ್ ಠೇವಣಿ, ಬಸ್ ಪಾಸ್, ಪುಸ್ತಕ, ಹೊರ ಊರಿನವರಾದರೆ ಪಿ.ಜಿ. ಅಡ್ವಾನ್ಸ್, ಎಲ್ಲ ಒಂದೇ ತಿಂಗಳಲ್ಲಿ ಬಂದು ಕುತ್ತಿಗೆಗೆ ಕೂರುತ್ತವೆ.

ಹಾಗಾಗಿ ನನಗೆ ಸರಿ ಅನಿಸುವುದು ಇದು. ಫೀಸ್ ನಿಂತ ನೀರಾಗಬೇಕಿಲ್ಲ, ಏರಲಿ. ಆದರೆ ಎಷ್ಟು ಏರುತ್ತದೆ ಎಂದು ಸೇರುವ ದಿನವೇ ಕಾಗದದಲ್ಲಿರಲಿ. ಮೊದಲ ವರ್ಷ 20,000, ಎರಡನೇ ವರ್ಷ 21,000, ಮೂರು ವರ್ಷದ ಕೋರ್ಸಾದರೆ ಮೂರನೇ ವರ್ಷ 22,050, ಒಟ್ಟು 63,050. ಅಷ್ಟೇ. ಪರೀಕ್ಷಾ ಶುಲ್ಕ, ಅಂಕಪಟ್ಟಿ, ಪ್ರಾಜೆಕ್ಟ್, ಘಟಿಕೋತ್ಸವದ ಶುಲ್ಕವೂ ಅದೇ ಪಟ್ಟಿಯಲ್ಲಿರಬೇಕು. ವರ್ಷದ ನಡುವೆ ನುಸುಳುವ ಏರಿಕೆ ಬಹಳ ಸಲ ಬರುವುದು ಪರೀಕ್ಷಾ ಅರ್ಜಿಯ ಹೊತ್ತಿಗೆ. ಅರ್ಜಿ ತುಂಬಲು ವಾರ ಇರುತ್ತದೆ, ತಡವಾದರೆ ದಂಡ ಬೀಳುತ್ತದೆ, ಯಾರೂ ಜಗಳಕ್ಕೆ ನಿಲ್ಲುವುದಿಲ್ಲ. ಸುಮ್ನೆ ಕಟ್ಟಿಬಿಡುತ್ತಾರೆ.

ತಾರೀಖಿನ ಲೆಕ್ಕ ಹೀಗಿರಬೇಕು. ಪಿಯು ಫಲಿತಾಂಶದ ಹಿಂದೆಯೇ, ಮೇ ಸುಮಾರಿಗೆ ಪದವಿ ಪ್ರವೇಶದ ಓಡಾಟ ಶುರುವಾಗುತ್ತದೆ. 60 ದಿನ ಹಿಂದಕ್ಕೆ ಎಣಿಸಿದರೆ ಮಾರ್ಚ್ ಮೊದಲ ವಾರ. ಅಂದರೆ ಸಿಂಡಿಕೇಟ್ ಒಪ್ಪಿಗೆ ಫೆಬ್ರವರಿಯೊಳಗೆ ಆಗಬೇಕು. ಅದಕ್ಕೂ ಮುಂಚೆ ಹಣಕಾಸು ಸಮಿತಿ ಡಿಸೆಂಬರ್‌ನಲ್ಲಿ ಕೂತು ಕರಡು ಪಟ್ಟಿ ಮಾಡಲಿ. ಜನವರಿ ಪೂರ್ತಿ ಆ ಕರಡು ಸೂಚನಾ ಫಲಕದಲ್ಲೂ ವೆಬ್‌ಸೈಟಿನಲ್ಲೂ ಇರಲಿ, ಆಕ್ಷೇಪಣೆ ಬರಲಿ. ಸ್ನಾತಕೋತ್ತರ ಪ್ರವೇಶ ಪದವಿ ಫಲಿತಾಂಶ ನೋಡಿಕೊಂಡು ತಡವಾಗಿ ನಡೆಯುತ್ತದೆ, ನಿಜ. ಹಾಗೆಂದು ಅದರ ಫೀಸನ್ನೂ ತಡವಾಗಿ ಹೇಳಬೇಕಿಲ್ಲ, ಎರಡೂ ಒಂದೇ ಪಟ್ಟಿಯಲ್ಲಿ ಬರಲಿ. ವಿಶ್ವವಿದ್ಯಾಲಯದ ಸ್ವಂತ ಬಜೆಟ್ ಹೇಗೂ ಏಪ್ರಿಲ್ 1ಕ್ಕೆ ಮುಂಚೆ ಸಿದ್ಧವಾಗಬೇಕು. ಅದರಲ್ಲಿ ಶುಲ್ಕದ ಆದಾಯ ಎಂದು ಒಂದು ಅಂಕಿ ಬರೆದೇ ಬರೆಯುತ್ತಾರೆ. ಫೀಸ್ ನಿಗದಿ ಆಗದೆ ಆ ಅಂಕಿ ಎಲ್ಲಿಂದ ಬಂತು ಎಂದು ನಾನು ಅಲ್ಲಿದ್ದಾಗಲೂ ಕೇಳಿದ್ದೆ, ಈಗಲೂ ಕೇಳುತ್ತೇನೆ.

ಜನವರಿ ಎಂದು ಸುಮ್ಮನೆ ಹೇಳಿದ್ದಲ್ಲ. ಆಗ ಕ್ಯಾಂಪಸ್ ತುಂಬಿರುತ್ತದೆ. ಫೀಸ್ ಏರಿಕೆಯ ಸುತ್ತೋಲೆಗಳು ರಜೆಯಲ್ಲಿ, ಪರೀಕ್ಷೆಯ ನಡುವೆ ಬಂದರೆ ಕೇಳುವವರೇ ಇರುವುದಿಲ್ಲ. ಕೆಲವು ಆಡಳಿತಗಾರರಿಗೆ ಅದೇ ಬೇಕು ಅನಿಸುತ್ತದೆ, ನನಗೆ ಆ ಜಾಣತನ ಇಷ್ಟ ಇಲ್ಲ. ಕರ್ನಾಟಕದ ಕ್ಯಾಂಪಸ್‌ಗಳಲ್ಲಿ ವಿದ್ಯಾರ್ಥಿ ಸಂಘದ ಚುನಾವಣೆ ನಿಂತು ಮೂರು ದಶಕ ದಾಟಿದೆ. ಸಭೆಯಲ್ಲಿ ಎದ್ದುನಿಂತು 'ಈ 1,000 ಯಾಕೆ?' ಎಂದು ಕೇಳಲು ಮಕ್ಕಳು ಆರಿಸಿ ಕಳಿಸಿದ ಪ್ರತಿನಿಧಿ ಇಲ್ಲ. ಕನಿಷ್ಠ ಕರಡನ್ನಾದರೂ ಅವರೆದುರಿಗೆ ಇಡಬೇಕು. ಗಲಾಟೆ ಆಗುತ್ತದೆ ಎಂದು ಹೆದರುತ್ತಾರೆ. ಆಗಲಿ. ಜನವರಿಯಲ್ಲಿ ಆದ ಗಲಾಟೆಯನ್ನು ಕರಡು ತಿದ್ದಿ ಸರಿ ಮಾಡಬಹುದು, ಸೀಟು ಹಂಚಿಕೆಯ ದಿನ ಆದ ಗಲಾಟೆಗೆ ಪೊಲೀಸರನ್ನು ಕರೆಯಬೇಕಾಗುತ್ತದೆ.

ನಿಜವಾಗಿಯೂ ಅನುದಾನ ಕಡಿತ ಆಗಿಬಿಟ್ಟರೆ? ಆ ಹೊರೆ ಮುಂದಿನ ಬ್ಯಾಚ್‌ನ ಫೀಸಿನಲ್ಲಿ ಕಾಣಿಸಲಿ, ಈಗಾಗಲೇ ಅರ್ಜಿ ಹಾಕಿದವರ ಮೇಲೆ ಬೀಳಬಾರದು. ಈ ವರ್ಷದ ಮಟ್ಟಿಗೆ ಸರ್ಕಾರವನ್ನು ಕೇಳಲಿ, ಕಾಮಗಾರಿ ಮುಂದೂಡಲಿ, ಮೀಸಲು ನಿಧಿ ಮುಟ್ಟಲಿ. ಇಳಿಸುವುದಾದರೆ ಮಾತ್ರ ಯಾವಾಗ ಬೇಕಾದರೂ ಇಳಿಸಬಹುದು, ನನ್ನ ತಕರಾರಿಲ್ಲ.

ಒಂದು ವಿಚಿತ್ರ ಗಮನಿಸಿ. ವಿದ್ಯಾರ್ಥಿ ಸೀಟು ಬಿಟ್ಟರೆ ಎಷ್ಟು ಹಣ ವಾಪಸ್ ಎಂಬುದಕ್ಕೆ ಯುಜಿಸಿ 2018ರಲ್ಲಿ ದಿನದ ಲೆಕ್ಕದಲ್ಲಿ ನಿಯಮ ಮಾಡಿದೆ. ಪ್ರವೇಶದ ಕೊನೆಯ ದಿನಕ್ಕೆ 15 ದಿನ ಅಥವಾ ಅದಕ್ಕೂ ಮುಂಚೆ ಹೇಳಿದರೆ ಪೂರ್ತಿ ವಾಪಸ್, ಸಣ್ಣ ಪ್ರಕ್ರಿಯಾ ವೆಚ್ಚ ಮಾತ್ರ ಮುರಿಯಬಹುದು. 15 ದಿನದೊಳಗೆ ಹೇಳಿದರೆ ಶೇ 90. ಕೊನೆಯ ದಿನ ದಾಟಿ 15 ದಿನದೊಳಗಾದರೆ ಶೇ 80, ಆಮೇಲೆ 30 ದಿನದವರೆಗೆ ಶೇ 50, ಅದಾದ ಮೇಲೆ ಏನೂ ಇಲ್ಲ. ಕೆಲವು ವರ್ಷ ವಿಶೇಷ ಸುತ್ತೋಲೆ ಹೊರಡಿಸಿ ಇದಕ್ಕಿಂತ ಉದಾರವಾದ ಗಡುವನ್ನೂ ಕೊಟ್ಟಿದೆ. 2023 ಮತ್ತು 2024ರಲ್ಲಿ ಸೆಪ್ಟೆಂಬರ್ 30ರವರೆಗೆ ಪೂರ್ತಿ, ಅಕ್ಟೋಬರ್ 31ರವರೆಗೆ 1,000 ರೂಪಾಯಿ ಮಾತ್ರ ಮುರಿದು ವಾಪಸ್. ಅಂದರೆ ಮಕ್ಕಳು ಮನಸ್ಸು ಬದಲಾಯಿಸಿದರೆ ಪ್ರತಿ ದಿನಕ್ಕೂ ಬೆಲೆ ಇದೆ. ವಿಶ್ವವಿದ್ಯಾಲಯ ಮನಸ್ಸು ಬದಲಾಯಿಸಿದರೆ ಅಂಥ ಪಟ್ಟಿ ಎಲ್ಲೂ ಇಲ್ಲ. ನೀವು ಬಿಟ್ಟ ಖಾಸಗಿ ಕಾಲೇಜು ಹಣ ಹಿಡಿದಿಟ್ಟುಕೊಂಡಿದ್ದರೆ ಮೇಲಿನ ಲೆಕ್ಕ ಇಟ್ಟುಕೊಂಡು ಈ ವರ್ಷದ ಸುತ್ತೋಲೆ ನೋಡಿ, ಇವತ್ತೇ ಬರೆದು ಕೇಳಿ.

ಫೀಸ್ ಅಂದ ಕೂಡಲೇ ಬಹಳ ಜನ ಸುಪ್ರೀಂ ಕೋರ್ಟಿನ 2002ರ ಟಿ.ಎಂ.ಎ. ಪೈ ತೀರ್ಪು ತೆಗೆಯುತ್ತಾರೆ. ಅದು ಮುಖ್ಯವಾಗಿ ಖಾಸಗಿ ಸಂಸ್ಥೆಗಳ ಮಾತು, ನಿಮಗೆ ಇಲ್ಲಿ ಹೆಚ್ಚು ಉಪಯೋಗ ಇಲ್ಲ.

ಈಗ ನಿಮ್ಮ ಮಗಳ ವಿಷಯ. ಮೊದಲು 24,350 ಕಟ್ಟಿ ಸೀಟು ಉಳಿಸಿಕೊಳ್ಳಿ. ನ್ಯಾಯ ಕೇಳುತ್ತಾ ಕೂತು ಸೀಟು ಕಳೆದುಕೊಂಡರೆ ಯಾರೂ ತಂದುಕೊಡುವುದಿಲ್ಲ. ಕಟ್ಟಿದ ದಿನವೇ ಕುಲಸಚಿವರಿಗೆ ಒಂದು ಪತ್ರ ಕೊಡಿ: 'ಪ್ರಾಸ್ಪೆಕ್ಟಸ್‌ನಲ್ಲಿದ್ದ 18,600ಕ್ಕಿಂತ ಜಾಸ್ತಿಯಾದ 5,750 ರೂಪಾಯಿಯನ್ನು ಆಕ್ಷೇಪಣೆಯೊಂದಿಗೆ ಕಟ್ಟಿದ್ದೇವೆ.' ನಕಲಿನ ಮೇಲೆ ಸೀಲು, ಸ್ವೀಕೃತಿ ಸಹಿ ಹಾಕಿಸಿಕೊಳ್ಳಿ. ಹಳೆಯ ಪ್ರಾಸ್ಪೆಕ್ಟಸ್ ವೆಬ್‌ಸೈಟಿನಿಂದ ಮಾಯವಾಗುವ ಮುಂಚೆ ಡೌನ್‌ಲೋಡ್ ಮಾಡಿ, ತಾರೀಖು ಕಾಣುವಂತೆ ಸ್ಕ್ರೀನ್‌ಶಾಟ್ ತೆಗೆದಿಡಿ. ಇದನ್ನು ನಾಳೆಗೆ ಇಡಬೇಡಿ.

ಆಮೇಲೆ ವಿದ್ಯಾರ್ಥಿ ಕುಂದುಕೊರತೆ ನಿವಾರಣಾ ಸಮಿತಿಗೆ ದೂರು ಕೊಡಿ. ಮಗಳ ಹೆಸರಿನಲ್ಲೇ ಇರಲಿ. ಅವರು 15 ಕೆಲಸದ ದಿನಗಳೊಳಗೆ ವರದಿ ಕೊಡಬೇಕು. ಅದು ಸರಿಬರದಿದ್ದರೆ 15 ದಿನದೊಳಗೆ ವಿಶ್ವವಿದ್ಯಾಲಯದ ಓಂಬುಡ್ಸ್‌ಪರ್ಸನ್‌ಗೆ (ವಿದ್ಯಾರ್ಥಿಗಳ ಮೇಲ್ಮನವಿ ಕೇಳಲು ನೇಮಿಸಿದವರು) ಮೇಲ್ಮನವಿ ಹೋಗಬಹುದು. ಅಲ್ಲಿ 30 ದಿನದೊಳಗೆ ಇತ್ಯರ್ಥ ಮಾಡಲು ಪ್ರಯತ್ನಿಸಬೇಕು ಎಂದಿದೆ. ಮಗಳ ತರಗತಿಯಲ್ಲಿ ಇನ್ನೂ ಹತ್ತು ಮಂದಿ ಇದೇ ದೂರು ಕೊಟ್ಟರೆ ತೂಕ ಬೇರೆಯೇ. ಒಬ್ಬಳ ಹೆಸರು ಎದ್ದು ಕಾಣುವ ಭಯವೂ ಇರುವುದಿಲ್ಲ.

ಜೊತೆಗೆ ಆರ್‌ಟಿಐ ಅರ್ಜಿ ಹಾಕಿ. 10 ರೂಪಾಯಿ ಪೋಸ್ಟಲ್ ಆರ್ಡರ್ ಸಾಕು. ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದೊಳಗೆ ಇರಬೇಕು. ಅದು ನೆನಪಿರಲಿ, ಉದ್ದ ಪುರಾಣ ಬರೆದರೆ ಅದೇ ನೆಪದಲ್ಲಿ ವಾಪಸ್ ಬರುತ್ತದೆ. ಶುಲ್ಕ ಪರಿಷ್ಕರಣೆ ಎಂಬ ಒಂದೇ ವಿಷಯದ ಮೇಲೆ ಮೂರು ಪ್ರಶ್ನೆ ಕೇಳಿ. ಶುಲ್ಕ ಪರಿಷ್ಕರಣೆಗೆ ಹಣಕಾಸು ಸಮಿತಿ ಸಭೆ ಯಾವತ್ತು ನಡೆಯಿತು? ಸಿಂಡಿಕೇಟ್ ನಿರ್ಣಯದ ತಾರೀಖು ಮತ್ತು ಪ್ರತಿ ಕೊಡಿ. ಆ ನಿರ್ಣಯ ಯಾವ ದಿನದಿಂದ, ಯಾವ ಬ್ಯಾಚ್‌ಗೆ ಜಾರಿ ಎಂದು ಬರೆದಿದೆ? ಈ ಮೂರನೆಯದರ ಉತ್ತರ ಬಹಳ ಮುಖ್ಯ. ಸಿಂಡಿಕೇಟ್ 'ಮುಂದಿನ ಶೈಕ್ಷಣಿಕ ವರ್ಷದಿಂದ' ಎಂದು ಬರೆದಿದ್ದರೂ ಕಚೇರಿಯ ಸುತ್ತೋಲೆ 'ತಕ್ಷಣದಿಂದ' ಆಗಿರುವ ಸಾಧ್ಯತೆಯೂ ಉಂಟು.

ಒಂದು ತೊಡಕನ್ನು ಮುಚ್ಚಿಡಲಾರೆ. ಪ್ರಾಸ್ಪೆಕ್ಟಸ್‌ನ ಕೊನೆಯ ಪುಟ ನೋಡಿ. 'ಶುಲ್ಕವು ಪರಿಷ್ಕರಣೆಗೆ ಒಳಪಟ್ಟಿರುತ್ತದೆ' ಎಂಬ ಸಾಲು ಸಣ್ಣ ಅಕ್ಷರದಲ್ಲಿ ಇದ್ದರೆ ನಿಮ್ಮ ವಾದದ ಬಲ ಕಡಿಮೆ ಆಗುತ್ತದೆ. ಪೂರ್ತಿ ಬಿದ್ದುಹೋಗುವುದಿಲ್ಲ. 60 ದಿನ ಮುಂಚೆ ಒಂದೊಂದು ಬಾಬ್ತನ್ನೂ ಹೇಳಬೇಕು ಎಂಬ ನಿಯಮ ಒಂದು ಸಾಲಿನಿಂದ ಅಳಿಸಿಹೋಗುವಂಥದ್ದಲ್ಲ ಎಂದು ನೀವು ವಾದಿಸಬಹುದು. ಹಳೆಯ ಪಟ್ಟಿಯಲ್ಲಿ ಇರಲೇ ಇಲ್ಲದ 'ಡಿಜಿಟಲ್ ಸೇವಾ ಶುಲ್ಕ'ದ ಮೇಲೆ ಮೊದಲು ಒತ್ತು ಕೊಡಿ. ಇದ್ದದ್ದನ್ನು ಪರಿಷ್ಕರಿಸುವುದು ಬೇರೆ, ಇಲ್ಲದ್ದನ್ನು ಹುಟ್ಟಿಸುವುದು ಬೇರೆ. 1,000 ರೂಪಾಯಿಯಾದರೂ ವಾಪಸ್ ಬರುವ ದಾರಿ ಅಲ್ಲಿದೆ.

ಬ್ಯಾಂಕಿಗೂ ಹೋಗಿ. ಮಂಜೂರಾತಿ ಹಳೆಯ ಪಟ್ಟಿಯ ಮೇಲೆ ಆಗಿದೆ, ಪೂರ್ತಿ ಹಣ ಬಿಡುಗಡೆ ಆಗುವ ಮುಂಚೆ ಹೊಸ ಪಟ್ಟಿ ಕೊಟ್ಟು ಮೊತ್ತ ಪರಿಷ್ಕರಿಸಲು ಬರೆದುಕೊಡಿ. ಬ್ಯಾಂಕುಗಳ ಮಾದರಿ ಶಿಕ್ಷಣ ಸಾಲ ಯೋಜನೆಯಲ್ಲಿ 4 ಲಕ್ಷದವರೆಗೆ ನಿಮ್ಮ ಕೈಯಿಂದ ಪಾಲು ಹಾಕಬೇಕಿಲ್ಲ. ಹಾಗಾಗಿ ವ್ಯತ್ಯಾಸವನ್ನೂ ಸಾಲದಲ್ಲೇ ಸೇರಿಸಿಕೊಳ್ಳಲು ಅಡ್ಡಿ ಇರಬಾರದು. ಎರಡನೇ ವರ್ಷದ ಬಗ್ಗೆ ಕೇಳಿದಿರಿ. ಈಗಲೇ ಕುಲಸಚಿವರ ಕಚೇರಿಗೆ ಬರೆದು, 'ಬ್ಯಾಂಕಿಗೆ ಬೇಕು, ಎರಡೂ ವರ್ಷದ ಶುಲ್ಕ ವಿವರ ಕೊಡಿ' ಎಂದು ಕೇಳಿ. ಬ್ಯಾಂಕಿನ ಹೆಸರು ಹೇಳಿದರೆ ಕಚೇರಿಯವರು ಸಾಮಾನ್ಯವಾಗಿ ಲೆಟರ್‌ಹೆಡ್‌ನಲ್ಲೇ ಕೊಡುತ್ತಾರೆ. ಮುಂದಿನ ವರ್ಷ ಏರಿಸಿದರೆ ಅವರದೇ ಸಹಿ ಇರುವ ಆ ಕಾಗದ ನಿಮ್ಮ ಕೈಯಲ್ಲಿರುತ್ತದೆ.

ಮಗನ ವಿಷಯದಲ್ಲಿ ಇನ್ನೂ ಸಮಯ ಇದೆ. ಸಿಇಟಿ ಮೂಲಕ ಎಂಜಿನಿಯರಿಂಗ್‌ಗೆ ಹೋದರೆ ಆಪ್ಷನ್ ಎಂಟ್ರಿ ಮಾಡುವಾಗ ಕಾಲೇಜಿನ ಎದುರಿಗೇ ಫೀಸ್ ಕಾಣುತ್ತದೆ. ಸರ್ಕಾರ ಮತ್ತು ಖಾಸಗಿ ಕಾಲೇಜುಗಳ ನಡುವಿನ ಒಪ್ಪಂದ ಕೊನೆ ಗಳಿಗೆಯಲ್ಲಿ ಆದರೂ ಆಯ್ಕೆಗೆ ಮುಂಚೆ ಒಂದು ಅಂಕಿ ಸಿಗುತ್ತದೆ. ಪದವಿಗೆ ಹೋಗುವುದಾದರೆ ಮಾರ್ಚ್‌ನಲ್ಲೇ ನಾಲ್ಕೈದು ಕಾಲೇಜು, ವಿಶ್ವವಿದ್ಯಾಲಯಗಳ ವೆಬ್‌ಸೈಟ್ ತೆಗೆದು ಮುಂದಿನ ಸಾಲಿನ ಶುಲ್ಕ ಪಟ್ಟಿ ಇದೆಯಾ ನೋಡಿ. ಹಳೆಯ ವರ್ಷದ ಪಟ್ಟಿಯೇ ಇದ್ದರೆ ಒಂದು ಇಮೇಲ್ ಹಾಕಿ: 'ಯುಜಿಸಿ ನಿಯಮದಂತೆ ಪ್ರವೇಶಕ್ಕೆ 60 ದಿನ ಮುಂಚೆ ಪ್ರಕಟಿಸಬೇಕಾದ ಪ್ರಾಸ್ಪೆಕ್ಟಸ್ ಎಲ್ಲಿ ಸಿಗುತ್ತದೆ?' ಉತ್ತರ ಬಂದರೆ ಒಳ್ಳೆಯದು. ಬರದಿದ್ದರೆ ಆ ಇಮೇಲ್ ಅನ್ನೇ ಅರ್ಜಿಯ ಕಡತದಲ್ಲಿಡಿ. ಸೀಟು ಸಿಕ್ಕ ದಿನ ಬೇರೆ ಅಂಕಿ ಹೇಳಿದರೆ, ನೀವು ಎರಡು ತಿಂಗಳು ಮುಂಚೆಯೇ ಕೇಳಿದ್ದಿರಿ ಎಂಬುದಕ್ಕೆ ದಾಖಲೆ ಇರುತ್ತದೆ.